ಡಿಮೆನ್ಷಿಯಾ ಎಂದರೆ ಬುದ್ಧಿಮಾಂದ್ಯತೆಯಲ್ಲ

ವಯಸ್ಸಾದವರ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ, ನೆನಪು, ವಿವೇಚನೆಗಳು ಕುಸಿಯುವ ಡಿಮೆನ್ಷಿಯಾವನ್ನು ‘ಬುದ್ಧಿಮಾಂದ್ಯತೆ’ ಎಂದು ಬರೆಯುವುದು ನಿಂತೇ ಇಲ್ಲ. ಮಾಂದ್ಯ ಎಂದರೆ ಮಂದವಾಗಿರುವುದು. ಎಳವೆಯಿಂದಲೇ ಬುದ್ಧಿಯ ಬೆಳವಣಿಗೆ ಹಿಂದುಳಿದ ಸ್ಥಿತಿಗೆ ಆ ಪದ ಬಳಕೆಯಲ್ಲಿತ್ತು, ಈಗ ಅಲ್ಲಿಯೂ ಅದನ್ನು ಬಿಟ್ಟು ‘ಬೌದ್ಧಿಕ ಅಸಾಮರ್ಥ್ಯ’ ಎನ್ನುತ್ತಾರೆ. ನಲವತ್ತು ವರ್ಷ ಅಂಗಡಿಯ ಲೆಕ್ಕ ತಪ್ಪದೆ ಇಟ್ಟವರು ಇವತ್ತು ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡುತ್ತಿದ್ದರೆ ಅವರ ಬುದ್ಧಿ ಮಂದವಾಗಿತ್ತು ಎಂದೇ?

ಲ್ಯಾಟಿನ್ನಿನ ‘ಡಿ’ ಎಂದರೆ ದೂರವಾಗು, ಕಳಚಿಕೊಳ್ಳು. ‘ಮೆನ್ಸ್’ ಎಂದರೆ ಬುದ್ಧಿ. ಅದೂ ನಮ್ಮ ‘ಮತಿ’ಯೂ ಒಂದೇ ಮೂಲದಿಂದ ಬಂದ ದಾಯಾದಿಗಳು. ಪದದ ತೂಕವೆಲ್ಲ ಆ ‘ಡಿ’ಯಲ್ಲಿದೆ: ಇದ್ದದ್ದು ಹೋಗಬೇಕು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಎಸ್ಕಿರೋಲ್ ಈ ವ್ಯತ್ಯಾಸವನ್ನು ಸಿರಿವಂತಿಕೆಯ ಹೋಲಿಕೆಯಿಂದ ಹೇಳಿದ್ದ: ಡಿಮೆನ್ಷಿಯಾ ಆದವರು ಸಿರಿ ಕಳೆದುಕೊಂಡು ಬಡವರಾದವರು, ಎಳವೆಯಿಂದಲೇ ಬುದ್ಧಿ ಹಿಂದುಳಿದ ಇನ್ನೊಂದು ಗುಂಪಿನವರು ಮೊದಲಿನಿಂದಲೂ ಬಡವರು. ಎರಡನೆಯವರ ಬಗ್ಗೆ ಆ ಮಾತು ಇಂದು ಒರಟಾಗಿ ಕೇಳುತ್ತದೆ, ಗೆರೆ ಮಾತ್ರ ಸರಿಯಾದ ಜಾಗದಲ್ಲೇ ಇದೆ. ‘ಮತಿಕ್ಷಯ’ ಎಂದಿದ್ದರೆ ಹೊಂದುತ್ತಿತ್ತು. ಅದು ಚಲಾವಣೆಗೆ ಬರುವವರೆಗೆ ಡಿಮೆನ್ಷಿಯಾ ಎಂದೇ ಬರೆದರೆ ಯಾರಿಗೂ ನಷ್ಟವಿಲ್ಲ.

‘ಮರೆಗುಳಿತನ’ವೂ ಅರ್ಧ ಸರಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಮರೆವು. ಐವತ್ತು ವರ್ಷ ಮಾಡಿದ ಹುಳಿಗೆ ಬೇಳೆ ಮೊದಲೋ ಒಗ್ಗರಣೆ ಮೊದಲೋ ತಿಳಿಯದೆ ಒಲೆಯ ಮುಂದೆ ನಿಲ್ಲುವುದು ಬೇರೆ. ನೆನಪು, ಮಾತು, ಲೆಕ್ಕ, ದಾರಿ, ವಿವೇಚನೆ ಇವುಗಳಲ್ಲಿ ಕುಸಿತವಾಗಿ ದಿನದ ಕೆಲಸಕ್ಕೆ ಇನ್ನೊಬ್ಬರ ಆಸರೆ ಬೇಕಾದಾಗ ಅದು ಡಿಮೆನ್ಷಿಯಾ. ಇನ್ನು ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯಿಂದ ಆದ ಹಾನಿ ಸಣ್ಣದಲ್ಲ. ವಯಸ್ಸಿನ ಸಹಜ ಗುಣವೆಂದು ಕೈಬಿಟ್ಟು ಮನೆಯವರು ಎರಡು ಮೂರು ವರ್ಷ ಕಳೆದುಬಿಡುತ್ತಾರೆ.

‘ಅಲ್ಝೈಮರ್ ಅಥವಾ ಡಿಮೆನ್ಷಿಯಾ’ ಎಂದು ಬರೆಯುವವರಿಗೆ: ಆ ‘ಅಥವಾ’ ತಪ್ಪು. ಡಿಮೆನ್ಷಿಯಾ ಕಾಮಾಲೆಯ ಹಾಗೆ. ಕಣ್ಣು ಹಳದಿಯಾದದ್ದು ಕಾಣುತ್ತದೆ, ಕಾರಣ ಯಕೃತ್ತಿನಲ್ಲಿದೆಯೋ ಪಿತ್ತಕೋಶದ ಕಲ್ಲಿನಲ್ಲಿದೆಯೋ ಹುಡುಕಬೇಕು. ಅಲ್ಝೈಮರ್ ಅಂಥ ಒಂದು ಕಾರಣ, ಎಲ್ಲಕ್ಕಿಂತ ಸಾಮಾನ್ಯವಾದದ್ದು. 1906ರಲ್ಲಿ ಜರ್ಮನ್ ವೈದ್ಯ ಅಲೋಯಿಸ್ ಅಲ್ಝೈಮರ್ ವಿವರಿಸಿದ ಮೊದಲ ರೋಗಿ ಆಸ್ಪತ್ರೆಗೆ ಬಂದಾಗ ಆಕೆಗೆ 51 ವರ್ಷ. ಅದು ಮುದಿತನದ ಗುಣವಲ್ಲ, ರೋಗ ಎಂಬುದಕ್ಕೆ ಅಂದೇ ಸಾಕ್ಷಿ ಇತ್ತು. ಮಿದುಳಿನ ಜೀವಕೋಶಗಳ ಹೊರಗೆ ಅಮಿಲಾಯ್ಡ್, ಒಳಗೆ ಟಾವ್ ಎಂಬ ಪ್ರೋಟೀನುಗಳು ಜಮೆಯಾಗಿ, ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ. ರಕ್ತನಾಳದ ಬಗೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಸಣ್ಣಪುಟ್ಟ ಪಾರ್ಶ್ವವಾಯುಗಳಿಂದ ಕುಸಿತ ಹಲವೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮಿದುಳಿನ ಮುಂಭಾಗ, ಪಕ್ಕದ ಭಾಗ ಸವೆಯುವ ಫ್ರಂಟೋಟೆಂಪೊರಲ್ ಬಗೆಯಲ್ಲಿ ಹಲವೊಮ್ಮೆ ಮೊದಮೊದಲು ನೆನಪು ಗಟ್ಟಿ, ನಡತೆ ಕೆಡುತ್ತದೆ: ಸಂಕೋಚದ ಮನುಷ್ಯ ಮದುವೆಮನೆಯಲ್ಲಿ ಪಕ್ಕದವರ ಎಲೆಗೆ ಕೈ ಹಾಕಬಹುದು. ಎಂಬತ್ತು ದಾಟಿದವರಲ್ಲಿ ಎರಡು ಕಾರಣ ಬೆರೆತಿರುವುದೇ ಹೆಚ್ಚು.

ಗುಣವಾಗಬಲ್ಲ, ಕನಿಷ್ಠ ಸುಧಾರಿಸಬಲ್ಲ ಕಾರಣಗಳೂ ಇವೆ: ಥೈರಾಯ್ಡ್ ಕೊರತೆ, ಸಸ್ಯಾಹಾರಿಗಳಲ್ಲಿ ಅಥವಾ ಬಹಳ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕೊರತೆ, ಬಚ್ಚಲಲ್ಲಿ ಜಾರಿ ಬಿದ್ದು ವಾರಗಳ ಮೇಲೆ ತಲೆಬುರುಡೆಯೊಳಗೆ ತುಂಬುವ ರಕ್ತ, ಮಿದುಳಿನೊಳಗೆ ತುಂಬಿಕೊಳ್ಳುವ ನೀರು (ಇದರ ಜತೆ ಕಾಲು ನೆಲಕ್ಕೆ ಅಂಟಿದಂಥ ನಡಿಗೆ, ತಡೆಯಲಾಗದ ಮೂತ್ರ ಬರುತ್ತವೆ). ಆದ್ದರಿಂದಲೇ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್, ಬಿ12, ರಕ್ತದ ಸೋಡಿಯಂ, ತಲೆಯ ಸ್ಕ್ಯಾನ್ ಮೊದಲು ಕೇಳುವುದು. ನೆಗಡಿಯ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಕೂಡ ಮುದುಕರ ತಲೆ ಕೆಡಿಸಬಲ್ಲದು. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಡಾಕ್ಟರ ಮುಂದೆ ಇಡಿ. ನಿನ್ನೆ ಸರಿಯಿದ್ದವರು ಇವತ್ತು ಅಸಂಬದ್ಧ ಮಾತಾಡಿದರೆ ಅದು ಬಹುಮಟ್ಟಿಗೆ ಡಿಮೆನ್ಷಿಯಾ ಅಲ್ಲ, ಡೆಲಿರಿಯಂ, ಅಂದರೆ ದಿಢೀರನೆ ಕವಿಯುವ ಗೊಂದಲ. ಮೂತ್ರದ ಸೋಂಕೋ ಸೋಡಿಯಂ ಇಳಿತವೋ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಫೈಲಿನಲ್ಲಿ ‘ಡಿಮೆನ್ಷಿಯಾ’ ಎಂದಷ್ಟೇ ಇದ್ದರೆ ‘ಯಾವುದರಿಂದ?’ ಎಂದು ಕೇಳಿ. ಕಾರಣ ತಿಳಿಯದೆ ಔಷಧ ಕೊಟ್ಟರೆ ಅಪಾಯವಾಗಬಹುದು: ಇಲ್ಲದ ಮಕ್ಕಳು, ಪ್ರಾಣಿಗಳು ಕಾಣುವ, ಕೈಕಾಲು ಬಿಗಿಯುವ ಲೂಯಿ ಬಾಡಿ ಬಗೆಯವರಿಗೆ, ಗಲಾಟೆ ತಣಿಸಲೆಂದು ಕೊಡುವ ಮನೋರೋಗದ ಔಷಧ ಹ್ಯಾಲೊಪೆರಿಡಾಲ್ ಜೀವಕ್ಕೇ ಕುತ್ತಾಗಬಹುದು.