ಕೀಲುನೋವಿನ ಮಾತ್ರೆ: ಊಟವಾದ ಮೇಲೆ ನುಂಗಿದರಷ್ಟೇ ಸಾಲದು

ಸಂಧಿವಾತಕ್ಕೆ ವೈದ್ಯರು ಬರೆದುಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಉರಿಯೂತ ತಗ್ಗಿಸುವ ಮಾತ್ರೆಗಳಿಗೆ ಇರುವ ಎಚ್ಚರಿಕೆಗಳನ್ನು ಪಟ್ಟಿ ಮಾಡಿ ಉರುಹೊಡೆದರೆ ಮಾರನೆಯ ದಿನಕ್ಕೆ ಮರೆತಿರುತ್ತವೆ. ಒಂದು ಕಿಣ್ವದ ಕೆಲಸ ಅರ್ಥವಾದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ.

ಆ ಕಿಣ್ವದ ಹೆಸರು ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್. ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುವುದು ಇದರಿಂದ. ಆಸ್ಪಿರಿನ್ ಗುಂಪಿನ ಔಷಧಗಳು ಈ ತಯಾರಿಯನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಊದಿದ ಕೀಲಿನಲ್ಲಿ ಪ್ರೋಸ್ಟಗ್ಲಾಂಡಿನ್ ನೋವು, ಬಾವು, ಬಿಸಿ ತರುತ್ತದೆ. ಜಠರದಲ್ಲಿ ಅದೇ ಲೋಳೆಯ ಹೊದಿಕೆಯನ್ನು ಕಾಯುತ್ತದೆ, ಮೂತ್ರಪಿಂಡದಲ್ಲಿ ರಕ್ತದ ಹರಿವನ್ನು ಕಾಯುತ್ತದೆ. ಮಾತ್ರೆಗೆ ಕೀಲು ಯಾವುದು, ಜಠರ ಯಾವುದು ಎಂಬ ಭೇದ ಗೊತ್ತಿಲ್ಲ. ತೊಂದರೆಯ ಮೂಲ ಇಷ್ಟೇ.

ಮೊದಲು ಜಠರ. "ಊಟದ ನಂತರ ತಗೊಂಡರೆ ಏನೂ ಆಗಲ್ಲ" ಎಂಬ ಮಾತು ಅರ್ಧ ನಿಜ. ಆಹಾರದ ಜೊತೆ ತೆಗೆದುಕೊಂಡರೆ ಹೊಟ್ಟೆಯುರಿ, ವಾಕರಿಕೆ ಕಡಿಮೆಯಾಗಬಹುದು. ಆದರೆ ಹುಣ್ಣು ಆಗುವುದು ಮಾತ್ರೆ ತಗುಲಿದ್ದರಿಂದ ಮಾತ್ರವಲ್ಲ; ಔಷಧ ರಕ್ತಕ್ಕೆ ಸೇರಿದ ಮೇಲೆ ಲೋಳೆ ಮತ್ತು ಆಮ್ಲವನ್ನು ಶಮನಗೊಳಿಸುವ ಬೈಕಾರ್ಬೊನೇಟ್ ಸ್ರಾವ ತಗ್ಗಿ, ಆಮ್ಲ ಒಳಗೋಡೆಯನ್ನು ತಿನ್ನುತ್ತದೆ. ಇಂಜೆಕ್ಷನ್ನಿನಲ್ಲಿ ಅಥವಾ ಗುದದ್ವಾರದ ಮೂಲಕ ಕೊಟ್ಟರೂ ಹುಣ್ಣಾಗುವುದು ಅದಕ್ಕೇ. ಇನ್ನೂ ಮೋಸದ ಸಂಗತಿಯೆಂದರೆ, ನೋವು ಕಾಣಿಸದೆಯೇ ಹುಣ್ಣಿನಿಂದ ರಕ್ತ ಸೋರಬಹುದು. ಹೊಟ್ಟೆನೋವಿಲ್ಲ ಎಂಬುದನ್ನು ಸುರಕ್ಷತೆಯ ಗುರುತು ಎಂದುಕೊಳ್ಳಬಾರದು.

ಅಪಾಯ ಎಲ್ಲರಿಗೂ ಒಂದೇ ಸಮ ಅಲ್ಲ. ಹಿಂದೆ ಹುಣ್ಣಾದವರು, 65 ದಾಟಿದವರು, ಹೃದಯಕ್ಕೆಂದು ಕಡಿಮೆ ಡೋಸಿನ ಆಸ್ಪಿರಿನ್ ನುಂಗುವವರು, ವಾರ್ಫರಿನ್‌ನಂತಹ ರಕ್ತ ತೆಳುಮಾಡುವ ಔಷಧ, ಸ್ಟೀರಾಯ್ಡ್ ಅಥವಾ ಸೆರ್ಟ್ರಲಿನ್ ಜಾತಿಯ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಮುಂದಿನ ಸಾಲಿನಲ್ಲಿದ್ದಾರೆ. ಇವರಿಗೆ ನೋವಿನ ಮಾತ್ರೆ ಕೊಡಲೇಬೇಕಾದರೆ ಜೊತೆಗೆ ಒಮೆಪ್ರಜೋಲ್ 20 ಮಿ.ಗ್ರಾಂ.ನಂತಹ ಆಮ್ಲ ತಗ್ಗಿಸುವ ಮಾತ್ರೆ ಬರೆಯುತ್ತಾರೆ. ಅದನ್ನು ಬೆಳಗಿನ ಆಹಾರಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ನೋವಿನ ಮಾತ್ರೆ ಊಟದ ನಂತರ, ಆಮ್ಲದ ಮಾತ್ರೆ ಊಟದ ಮೊದಲು: ಎರಡನ್ನೂ ಒಟ್ಟಿಗೆ ನುಂಗಿ ಮುಗಿಸುವವರೂ ಇದ್ದಾರೆ. ಆಮ್ಲದ ಮಾತ್ರೆಯನ್ನು ಉರಿ ಬಂದಾಗ ಮಾತ್ರ ನುಂಗಿದರೂ ಉಪಯೋಗ ಕಡಿಮೆ, ದಿನವೂ ಬೇಕು. ಇಷ್ಟು ಮಾಡಿದರೂ ಸಣ್ಣಕರುಳಿನ ಕೆಳಭಾಗಕ್ಕೆ ಅದರ ಕಾವಲು ಸಿಗುವುದಿಲ್ಲ.

ಕಾಕ್ಸ್‌ನಲ್ಲಿ ಎರಡು ಬಗೆ: ಜಠರವನ್ನು ಕಾಯುವುದು ಮುಖ್ಯವಾಗಿ ಕಾಕ್ಸ್-1, ಉರಿಯೂತದಲ್ಲಿ ಹೆಚ್ಚುವುದು ಕಾಕ್ಸ್-2. ಜಠರವನ್ನು ಉಳಿಸಲೆಂದೇ ಕಾಕ್ಸ್-2 ಅನ್ನು ಮಾತ್ರ ಹಿಡಿಯುವ ಸೆಲೆಕಾಕ್ಸಿಬ್, ಎಟೋರಿಕಾಕ್ಸಿಬ್ ಬಂದವು. ಹುಣ್ಣು ಕಡಿಮೆಯಾಯಿತು, ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಸ್ಟಸೈಕ್ಲಿನ್ ಕೂಡ ತಗ್ಗಿತು. ಹೆಪ್ಪುಗಟ್ಟಿಸುವ ಥ್ರೊಂಬಾಕ್ಸೇನ್ ಮಾತ್ರ ಹಾಗೇ ಉಳಿಯಿತು. ಇದೇ ಗುಂಪಿನ ರೋಫೆಕಾಕ್ಸಿಬ್ ಅನ್ನು 2004ರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದ ಕಾರಣ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಹಳೆಯ ಡೈಕ್ಲೋಫೆನಾಕ್‌ಗೂ ಈ ಅಪಾಯ ಇದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಹೃದಯಾಘಾತ ಆಗಿದ್ದವರಿಗೆ ಕಾಕ್ಸ್-2 ಹಿಡಿಯುವ ಮಾತ್ರೆಗಳೂ ಬೇಡ, ಡೈಕ್ಲೋಫೆನಾಕ್ ಕೂಡ ಬೇಡ. ಬಿಪಿ 140/90ಕ್ಕಿಂತ ಮೇಲೇ ನಿಂತಿದ್ದರೆ ಎಟೋರಿಕಾಕ್ಸಿಬ್ ಶುರುಮಾಡಬಾರದು.

ಮೂತ್ರಪಿಂಡದ ವಿಷಯಕ್ಕೆ ಬರೋಣ. ಸದ್ದಿಲ್ಲದೆ ಹಾನಿಯಾಗುವುದು ಇಲ್ಲಿಯೇ. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಪ್ರೋಸ್ಟಗ್ಲಾಂಡಿನ್ ಹಿಗ್ಗಿಸಿ ಇಡುತ್ತದೆ. ಮಾತ್ರೆ ಅದನ್ನು ತಡೆದರೆ ಒಳಬರುವ ದಾರಿ ಕಿರಿದಾಗುತ್ತದೆ. ಬಿಪಿಗೆಂದು ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಇದ್ದರೆ ಹೊರಹೋಗುವ ನಾಳ ಸಡಿಲವಾಗಿರುತ್ತದೆ, ಸೋಸುವ ಒತ್ತಡ ಮತ್ತೂ ಇಳಿಯುತ್ತದೆ. ಅದರ ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿದರೆ ರಕ್ತದ ಪ್ರಮಾಣವೇ ಕುಗ್ಗುತ್ತದೆ. ಈ ಮೂರು ಒಂದೇ ಚೀಟಿಯಲ್ಲಿ ಕಂಡರೆ ತಡೆದು ಕೇಳಲೇಬೇಕು. ವಾಂತಿ, ಬೇಧಿ ಅಥವಾ ಜೋರು ಜ್ವರದಿಂದ ಮೈಯಲ್ಲಿ ನೀರು ಕಡಿಮೆಯಾದ ದಿನ ನೋವಿನ ಮಾತ್ರೆ ನಿಲ್ಲಿಸಿ, ಬಿಪಿ ಮಾತ್ರೆಗಳ ಬಗ್ಗೆ ಅಂದೇ ವೈದ್ಯರಲ್ಲಿ ವಿಚಾರಿಸುವುದು ಸರಿಯಾದ ಕ್ರಮ. ಅಪಾಯ ಹೆಚ್ಚಿರುವವರಲ್ಲಿ ಶುರುಮಾಡುವ ಮುನ್ನ ಒಮ್ಮೆ, ಒಂದೆರಡು ವಾರಕ್ಕೆ ಮತ್ತೊಮ್ಮೆ ಬಿಪಿಯನ್ನೂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆಗಳನ್ನೂ ನೋಡಿಸುತ್ತಾರೆ.

ಇನ್ನು ಪ್ರಮಾಣ. ಐಬುಪ್ರೊಫೆನ್ ಸಾಮಾನ್ಯವಾಗಿ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಡೈಕ್ಲೋಫೆನಾಕ್ 50 ಮಿ.ಗ್ರಾಂ. ಎರಡು ಅಥವಾ ಮೂರು ಸಲ, ನ್ಯಾಪ್ರಾಕ್ಸೆನ್ 250ರಿಂದ 500 ಮಿ.ಗ್ರಾಂ. ಎರಡು ಸಲ. ಇಲ್ಲಿ ಸಲಗಳ ಲೆಕ್ಕ ಬಂದದ್ದು ಔಷಧ ದೇಹದಲ್ಲಿ ಉಳಿಯುವ ಕಾಲದಿಂದ: ಐಬುಪ್ರೊಫೆನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿದರೆ ನ್ಯಾಪ್ರಾಕ್ಸೆನ್‌ಗೆ 12ರಿಂದ 17 ಗಂಟೆ ಬೇಕು. ನಿಮ್ಮ ಚೀಟಿಯಲ್ಲಿ ಬರೆದದ್ದೇ ನಿಮ್ಮ ಪ್ರಮಾಣ. ಡೋಸ್ ಮರೆತರೆ ಎರಡು ಸೇರಿಸಿ ನುಂಗಬೇಡಿ. ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ. ಅನ್ನನಾಳದಲ್ಲೇ ಅಂಟಿಕೊಂಡ ಮಾತ್ರೆ ಅಲ್ಲೇ ಸುಡುತ್ತದೆ. ಕರುಳಿನಲ್ಲಿ ಕರಗುವ ಹೊದಿಕೆಯ ಅಥವಾ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು.

ಅತಿ ಸಾಮಾನ್ಯ ತಪ್ಪು ಒಂದೇ ಗುಂಪಿನ ಎರಡು ಮಾತ್ರೆ. ಮೊಣಕಾಲಿಗೆ ಒಬ್ಬರು ಅಸಿಕ್ಲೋಫೆನಾಕ್ ಬರೆದಿರುತ್ತಾರೆ, ಹಲ್ಲಿಗೆ ಇನ್ನೊಬ್ಬರು ಐಬುಪ್ರೊಫೆನ್. ನೋವು ಇಮ್ಮಡಿ ಇಳಿಯುವುದಿಲ್ಲ, ಅಪಾಯ ಮಾತ್ರ ಏರುತ್ತದೆ. ಬ್ರ್ಯಾಂಡ್ ಹೆಸರನ್ನು ಬಿಟ್ಟು ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಎಷ್ಟೋ ಸಲ ಅದರಲ್ಲೇ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಮೇಲೆ ಮತ್ತೊಂದು ಪ್ಯಾರಾಸಿಟಮಾಲ್ ನುಂಗಿದರೆ ದಿನದ 4 ಗ್ರಾಂ ಗಡಿ ಗೊತ್ತಾಗದೆ ದಾಟುತ್ತದೆ. ಇನ್ನೊಂದು: ಐಬುಪ್ರೊಫೆನ್ ಕಾಕ್ಸ್ ಕಿಣ್ವದಲ್ಲಿ ಆಸ್ಪಿರಿನ್‌ಗೆ ಜಾಗ ಬಿಡದೆ ಅದರ ಹೃದಯರಕ್ಷಣೆಯನ್ನು ಕೆಡಿಸಬಲ್ಲದು. ಹೊದಿಕೆಯಿಲ್ಲದ ಆಸ್ಪಿರಿನ್ ನುಂಗಿ ಕನಿಷ್ಠ 30 ನಿಮಿಷದ ನಂತರ, ಇಲ್ಲವೇ ಆಸ್ಪಿರಿನ್‌ಗಿಂತ 8 ಗಂಟೆಗೂ ಹೆಚ್ಚು ಮೊದಲೇ ಐಬುಪ್ರೊಫೆನ್ ತೆಗೆದುಕೊಳ್ಳುವಂತೆ ಅಂತರ ಇಡುತ್ತಾರೆ. ಮನೋರೋಗಕ್ಕೆ ಕೊಡುವ ಲಿಥಿಯಂ ನುಂಗುವವರಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಆಸ್ಪಿರಿನ್‌ನಿಂದ ಉಬ್ಬಸ ಕೆರಳಿದ್ದವರು, 20 ವಾರ ದಾಟಿದ ಗರ್ಭಿಣಿಯರು ವೈದ್ಯರಿಗೆ ಹೇಳದೆ ಈ ನೋವಿನ ಮಾತ್ರೆಗಳನ್ನು ಮುಟ್ಟಬಾರದು.

ಮಾತ್ರೆ ನುಂಗಿದ ಗಂಟೆಯೊಳಗೆ ನೋವು ತಗ್ಗಬಹುದು, ಆದರೆ ಬಾವು ಇಳಿಯಲು ಒಂದೆರಡು ವಾರ ಹಿಡಿಯುತ್ತದೆ. ಎರಡನೆಯ ದಿನಕ್ಕೇ ಮಾತ್ರೆ ಬದಲಿಸಿ ಎನ್ನುವುದು ಅವಸರ. ಮೊಣಕಾಲು ಸವೆತಕ್ಕಾದರೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡುವುದು ಜಾಣತನ, ರಕ್ತಕ್ಕೆ ಸೇರುವ ಪಾಲು ಬಹಳ ಕಡಿಮೆ. ರುಮಟಾಯ್ಡ್ ಸಂಧಿವಾತದಲ್ಲಿ ಈ ಮಾತ್ರೆಗಳು ಕೀಲಿನ ಹಾನಿಯನ್ನು ನಿಲ್ಲಿಸುವುದಿಲ್ಲ. ಆ ಕೆಲಸ ಮೆಥೊಟ್ರೆಕ್ಸೇಟ್‌ನಂತಹ ಔಷಧದ್ದು. ನೋವು ಇಳಿಯಿತೆಂದು ಅದನ್ನು ಬಿಡುವಂತಿಲ್ಲ.

ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಬಂದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ, ಎದೆನೋವು, ಉಸಿರುಕಟ್ಟುವಿಕೆ, ಒಂದು ಬದಿಯ ಕೈಕಾಲಿನಲ್ಲಿ ಶಕ್ತಿ ಕುಂದುವುದು ಆದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಲು ಊದಿ ಮೂತ್ರ ಕಡಿಮೆಯಾದರೆ, ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಡಾಂಬರಿನ ಅಂಟು, ಕೆಟ್ಟ ವಾಸನೆ, ತಲೆಸುತ್ತು ಇದ್ದರೆ ಕಬ್ಬಿಣದ ಮೇಲೆ ಹಾಕಿ ಕಾಯಬೇಡಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.