ಎ380ಗೆ ವೈರ್ ಯಾಕೆ ಸಾಲಲಿಲ್ಲ: ಡಿಸೈನ್ ಡೇಟಾ ನೋಡ್ಕೊಳ್ಳೋ ಕೆಲಸದ ಹಿನ್ನೆಲೆ

ಡಿಸೈನ್ ಡೇಟಾ ಮ್ಯಾನೇಜ್‌ಮೆಂಟ್ ಅಂದ್ರೆ ಸರ್ವರ್‌ನಲ್ಲಿ ಫೈಲ್ ಇಡೋದು, ಅದು ಐಟಿಯವ್ರ ತಲೆನೋವು ಅಂತ ಎಷ್ಟೋ ಕಂಪನಿಗಳಲ್ಲಿ ಇವತ್ತಿಗೂ ಅಂದ್ಕೊಂಡಿದಾರೆ. ಆ ಯೋಚನೆಗೆ ಎಷ್ಟು ಬೆಲೆ ತೆರಬೇಕಾಗುತ್ತೆ ಅಂತ 2006ರಲ್ಲಿ ವಿಮಾನ ತಯಾರಿಸೋ ಏರ್‌ಬಸ್‌ಗೆ ತನ್ನ ದೊಡ್ಡ ಪ್ರಯಾಣಿಕ ವಿಮಾನ ಎ380 ಕಟ್ಟೋವಾಗ ಗೊತ್ತಾಯ್ತು.

ಮೊದ್ಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಾಗದದ ಕಾಲದಲ್ಲಿ ಡ್ರಾಯಿಂಗ್ ಆಫೀಸ್‌ನಲ್ಲಿ ಒರಿಜಿನಲ್ ಶೀಟ್‌ಗಳು ಬೀಗದಲ್ಲಿರ್ತಿದ್ವು, ರಿಜಿಸ್ಟರ್‌ನಲ್ಲಿ ಸೈನ್ ಮಾಡದೆ ಯಾರೂ ಮುಟ್ಟೋ ಹಾಗಿರ್ಲಿಲ್ಲ, ರಿವಿಜನ್ ಬದಲಾದ್ರೆ ಶಾಪ್ ಫ್ಲೋರ್‌ನಿಂದ ಹಳೇ ಪ್ರಿಂಟ್ ವಾಪಸ್ ಬರ್ಬೇಕಿತ್ತು. ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡೋ ಸಾಫ್ಟ್‌ವೇರ್) ಬಂದ್ಮೇಲೆ ಆ ಬೀಗ ಹೋಯ್ತು. ಯಾರು ಬೇಕಾದ್ರೂ ಫೈಲ್ ಕಾಪಿ ಮಾಡ್ಕೋಬಹುದು, ಯಾವ್ದು ಲೇಟೆಸ್ಟ್ ಅಂತ ಯಾರಿಗೂ ಗೊತ್ತಿಲ್ಲ. ಈ ಗೊಂದಲಕ್ಕೆ ಉತ್ತರ ಹುಡುಕಿದ ಮೊದಲಿಗರಲ್ಲಿ ಕಾರ್ ಕಂಪನಿ ಅಮೆರಿಕನ್ ಮೋಟರ್ಸ್ ಕೂಡ ಒಂದು. 1985ರ ಹೊತ್ತಿಗೆ ಫ್ರಾನ್ಸ್‌ವಾ ಕಾಸ್ಟೆಂಗ್ ಅಲ್ಲಿ ಇಂಜಿನಿಯರಿಂಗ್ ಮುಖ್ಯಸ್ಥರು, ಮುಂದೆ ಜೀಪ್ ಗ್ರ್ಯಾಂಡ್ ಚೆರೋಕೀ ಆಗಿ ಬಂದ ಗಾಡಿಗೋಸ್ಕರ ಡ್ರಾಯಿಂಗ್‌ನೆಲ್ಲ ಒಂದೇ ಡೇಟಾಬೇಸ್‌ಗೆ ತರೋಕೆ ಹೊರಟ್ರು. ಆಮೇಲೆ ಬೋಯಿಂಗ್ 777, 1994ರಲ್ಲಿ ಮೊದಲು ಹಾರಿದ್ದು, ಅದನ್ನ ಪೂರ್ತಿ ಕಂಪ್ಯೂಟರ್‌ನಲ್ಲೇ ಕ್ಯಾಟಿಯಾ ಅನ್ನೋ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಡಿಸೈನ್ ಮಾಡಿದ್ರು.

ಇಷ್ಟೆಲ್ಲ ಕಣ್ಣೆದುರಿಗೆ ಇದ್ರೂ ಎ380ಯಲ್ಲಿ ಎಡವಟ್ಟಾಯ್ತು. ಜರ್ಮನಿ, ಸ್ಪೇನ್‌ನವ್ರು ಕ್ಯಾಟಿಯಾದ ಹಳೇ ವರ್ಷನ್ ವಿ4ನಲ್ಲೇ ಉಳಿದ್ರು, ಫ್ರಾನ್ಸ್, ಬ್ರಿಟನ್‌ನವ್ರು ಹೊಸ ವರ್ಷನ್ ವಿ5ಗೆ ಹೋದ್ರು. ಹೆಸರು ಒಂದೇ ಆದ್ರೂ ವಿ5 ಒಳಗಿಂದ ಹೊಸದಾಗಿ ಬರೆದ ಸಾಫ್ಟ್‌ವೇರ್, ವಿ4 ಮಾಡೆಲ್‌ನ ಅದರೊಳಗೆ ತಂದ್ರೆ ಆಕಾರ ಬರುತ್ತೆ, ಅದನ್ನ ಕಟ್ಟಿದ ಹೆಜ್ಜೆಗಳು ಹಾಗೇ ಬರಲ್ಲ. ಒಂದು ವಿಮಾನದಲ್ಲಿ ಸುಮಾರು 530 ಕಿ.ಮೀ. ವೈರ್ ಇತ್ತು. ಏರ್‌ಲೈನ್ ಸೀಟು, ಕ್ಯಾಬಿನ್ ಬದಲಾಯಿಸಿದಾಗೆಲ್ಲ ವೈರಿಂಗೂ ಬದಲಾಗ್ಬೇಕು, ಜೊತೆಗೆ ತೂಕ ಉಳಿಸೋಕೆ ಅಂತ ಅಲ್ಯೂಮಿನಿಯಂ ವೈರ್ ಬೇರೆ, ಅದು ತಾಮ್ರದಷ್ಟು ಬಿಗಿಯಾಗಿ ಬಾಗಲ್ಲ, ಬಾಗೋ ಜಾಗದಲ್ಲಿ ಉದ್ದ ಜಾಸ್ತಿ ಬೇಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾರ್ನೆಸ್ (ವೈರ್‌ಗಳ ಕಟ್ಟು) ಹಾಕಿದ ಭಾಗಗಳು ಫ್ರಾನ್ಸ್‌ನ ಟುಲೂಸ್‌ಗೆ ಹೋದ್ಮೇಲೆ ಜೋಡಿಸೋಕೆ ನೋಡಿದ್ರೆ ಕೆಲವು ವೈರ್ ಕನೆಕ್ಟರ್‌ವರೆಗೂ ಮುಟ್ತಾನೇ ಇಲ್ಲ! ಗಮನಿಸಿ, 2005ರ ಏಪ್ರಿಲ್‌ನಲ್ಲೇ ಎ380 ಹಾರಿತ್ತು, ಅಂದ್ರೆ ಪೆಟ್ಟು ಬಿದ್ದಿದ್ದು ವಿಮಾನದ ವಿನ್ಯಾಸಕ್ಕಲ್ಲ, ಸಾಲಾಗಿ ವಿಮಾನ ಕಟ್ಟೋ ಕೆಲಸಕ್ಕೆ.

2006ರ ಜೂನ್‌ನಲ್ಲಿ ಡೆಲಿವರಿ ತಡ ಅಂತ ಹೇಳಿದ ಮರುದಿನ ಮಾತೃಸಂಸ್ಥೆ ಇಎಡಿಎಸ್ ಶೇರು ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಜುಲೈನಲ್ಲಿ ಇಎಡಿಎಸ್‌ನ ಸಹ-ಮುಖ್ಯಸ್ಥ ನೋಯೆಲ್ ಫೋರ್ಜಾರ್, ಏರ್‌ಬಸ್ ಮುಖ್ಯಸ್ಥ ಗುಸ್ತಾವ್ ಹಂಬರ್ಟ್ ಇಬ್ರೂ ಹುದ್ದೆ ಬಿಟ್ರು. ಮೊದಲ ವಿಮಾನಗಳ ವೈರಿಂಗ್‌ನ ಜನ ಕೈಯಲ್ಲೇ ಸರಿ ಮಾಡ್ಬೇಕಾಗಿ ಬಂತು, ಅದಕ್ಕೆ ಜರ್ಮನಿಯಿಂದ ಕೆಲಸಗಾರರು ಟುಲೂಸ್‌ಗೆ ಹೋದ್ರು. ಸಿಂಗಾಪುರ್ ಏರ್‌ಲೈನ್ಸ್‌ಗೆ ಮೊದಲ ವಿಮಾನ ಸಿಕ್ಕಿದ್ದು 2007ರ ಅಕ್ಟೋಬರ್‌ನಲ್ಲಿ.

ಎಲ್ಲರೂ ಸಾಫ್ಟ್‌ವೇರ್ ವರ್ಷನ್ ಮೇಲೆ ತಪ್ಪು ಹೊರಿಸ್ತಾರೆ, ನಂಗೆ ಅದು ಅರ್ಧ ಮಾತ್ರ ಸರಿ ಅನ್ಸುತ್ತೆ. ಎರಡು ವರ್ಷನ್ ಇಟ್ಕೊಂಡೂ ಕೆಲಸ ಮಾಡಬಹುದು, ಆದ್ರೆ ಬದಲಾವಣೆ ಆದಾಗ ಯಾವ ಮಾಡೆಲ್ ರಿಲೀಸ್ ಆಗಿದೆ, ಅದು ಯಾವ ವಿಮಾನದ ನಂಬರಿಂದ ಅನ್ವಯ, ಇನ್ನೊಂದು ಸೈಟ್‌ನವ್ರ ಮಾಕ್‌ಅಪ್‌ಗೆ (ವಿಮಾನದ ಕಂಪ್ಯೂಟರ್ ಮಾದರಿಗೆ) ಅದು ಸೇರಿತಾ ಅಂತ ನೋಡೋ ಅಧಿಕಾರ ಒಬ್ಬರ ಕೈಲಿ ಇರ್ಬೇಕು, ಎಲ್ಲ ದೇಶದವ್ರೂ ಅವರ ಮಾತು ಕೇಳ್ಬೇಕು. ಪಿಡಿಎಂ (ಪ್ರಾಡಕ್ಟ್ ಡೇಟಾ ಮ್ಯಾನೇಜ್‌ಮೆಂಟ್) ಅಡ್ಮಿನ್, ಅಂದ್ರೆ ಡಿಸೈನ್ ಡೇಟಾ ನೋಡ್ಕೊಳ್ಳೋವ್ರು, ದಿನಾ ಮಾಡೋದೂ ಇದೇನೇ. ಯಾರೋ ಫೈಲ್‌ನ ಚೆಕ್‌ಔಟ್ ಮಾಡಿ, ಅಂದ್ರೆ ತಿದ್ದೋಕೆ ತಮ್ಮ ಹೆಸರಲ್ಲಿ ತಗೊಂಡು, ರಜೆಗೆ ಹೋಗಿರ್ತಾರೆ, ಫೈಲ್ ಲಾಕ್ ಆಗಿರುತ್ತೆ, ಮ್ಯಾನೇಜರ್ 'ಲಾಕ್ ತೆಗೀರಿ ಸಾಕು' ಅಂತಾರೆ. ತೆಗೀಬಹುದು, ಆದ್ರೆ ಅವ್ರ ಲ್ಯಾಪ್‌ಟಾಪ್‌ನಲ್ಲಿರೋ ಚೆಕ್‌ಇನ್ ಆಗದ (ಸರ್ವರ್‌ಗೆ ವಾಪಸ್ ಸೇರದ) ಬದಲಾವಣೆ ಏನಾಗುತ್ತೆ ಅಂತ ಕೇಳೋದು ಅಡ್ಮಿನ್ ಒಬ್ರೇ.

ಮುಂದೆ ಎ350 ಅನ್ನೋ ಇನ್ನೊಂದು ವಿಮಾನ ಶುರುವಾದಾಗ ಏರ್‌ಬಸ್ ಎಲ್ಲ ಸೈಟ್‌ಗಳನ್ನೂ, ದೊಡ್ಡ ಸಪ್ಲೈಯರ್‌ಗಳನ್ನೂ ಒಂದೇ ಡಿಜಿಟಲ್ ಮಾಕ್‌ಅಪ್‌ಗೆ ತಂತು. ಬೆಂಗಳೂರಲ್ಲಿ ಏರ್‌ಬಸ್ ಇಂಜಿನಿಯರಿಂಗ್ ಸೆಂಟರ್ ಶುರುವಾಗಿದ್ದೂ 2007ರಲ್ಲೇ, ಹಾಗಾಗಿ ನಮ್ಮೂರಿನ ಎಷ್ಟೋ ಜನ ಈಗ ಬೇರೆ ಖಂಡದವ್ರ ಜೊತೆ ಒಂದೇ ಡೇಟಾ ಇಟ್ಕೊಂಡು ಕೆಲಸ ಮಾಡ್ತಿದಾರೆ.

ಎ380 ತಯಾರಿ 2021ಕ್ಕೆ ಮುಗೀತು, ವಿಮಾನಗಳು ಇನ್ನೂ ಹಾರ್ತಿವೆ, ರಿಪೇರಿಗೆ ಅವುಗಳ ಡಿಸೈನ್ ಡೇಟಾ ಬೇಕೇ ಬೇಕು. ಹಳೇ ಮಾಡೆಲ್ ದಶಕಗಳಾದ್ಮೇಲೂ ತೆರೀಬೇಕು ಅಂತ ವಿಮಾನೋದ್ಯಮದವ್ರು ಲೋಟಾರ್ ಅನ್ನೋ ಆರ್ಕೈವ್ ಸ್ಟ್ಯಾಂಡರ್ಡ್ ಮಾಡ್ಕೊಂಡಿದಾರೆ, ಅದರಲ್ಲಿ ಕ್ಯಾಡ್ ಕಂಪನಿಯ ಸ್ವಂತ ಫಾರ್ಮ್ಯಾಟ್ ನೆಚ್ಚಿಕೊಳ್ಳದೆ ಮಾಡೆಲ್‌ನ ಸ್ಟೆಪ್ ಅನ್ನೋ ಅಂತಾರಾಷ್ಟ್ರೀಯ ಫಾರ್ಮ್ಯಾಟ್‌ನಲ್ಲಿ ಇಡ್ತಾರೆ, ಇಡೋ ಮುಂಚೆ ಒರಿಜಿನಲ್ ಜೊತೆ ಹೊಂದುತ್ತಾ ಅಂತ ಪರೀಕ್ಷೆನೂ ಮಾಡ್ತಾರೆ.