ಹಳೇ ಜೀಪ್ ಪಿಕಪ್: ಕಾರ್ಬೊರೇಟರ್‌ಗೆ ಕೈ ಹಾಕುವ ಮೊದಲು

"ಕಾರ್ಬೊರೇಟರ್ ಹೊಸದೇ ಹಾಕಿಸಿದ್ದೀನಿ ಸಾರ್, ಆದ್ರೂ ಘಾಟಿ ಹತ್ತಲ್ಲ." ಮಹೀಂದ್ರಾ ಎಫ್‌ಸಿ-150 ಪಿಕಪ್ ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಹೇಳುವ ಮೊದಲ ಮಾತೇ ಇದು. ಪೆಟ್ರೋಲ್‌ಗೆ ಗಾಳಿ ಬೆರೆಸುವ ಈ ಕಾರ್ಬೊರೇಟರ್ ಕಣ್ಣಿಗೆ ಕಾಣುತ್ತೆ, ಬಿಚ್ಚೋದು ಸುಲಭ. ಹಾಗಾಗಿ ಎಲ್ಲ ತಪ್ಪೂ ಅದರ ತಲೆಗೇ ಬರುತ್ತೆ. ನನ್ನ ಪ್ರಕಾರ ಅದನ್ನು ಮುಟ್ಟಬೇಕಾದದ್ದು ಕೊನೆಗೆ.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತೆ ಅಂತ ನೋಡಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಆರೋಗ್ಯವಾಗಿರುವ ಎಂಜಿನ್ 120 ಪಿಎಸ್‌ಐ ಆಸುಪಾಸು ತೋರಿಸುತ್ತೆ. ಮಲೆನಾಡಿನ 3,000 ಅಡಿ ಎತ್ತರದಲ್ಲಿ ಗಾಳಿ ತೆಳು, ಹತ್ತು ಪಿಎಸ್‌ಐ ಕಮ್ಮಿ ಬಂದರೆ ಗಾಬರಿ ಬೇಡ. ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಒಂದು ಮಾತ್ರ ತುಂಬಾ ಕೆಳಗಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಗೇಜಿನ ಮುಳ್ಳು ಮೇಲೇರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ತಪ್ಪು ಹೆಚ್ಚಾಗಿ ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವ್‌ನದು.

ವಾಲ್ವ್ ಅಂದೆನಲ್ಲ, ಇಲ್ಲೇ ಜಾಸ್ತಿ ಜನ ಎಡವೋದು. ಈ 2.2 ಲೀಟರ್ ಹರಿಕೇನ್ ಎಂಜಿನ್ ಎಫ್-ಹೆಡ್ ಮಾದರಿಯದು. ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಒಳಗೆ ಬಿಡುವುದು) ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಗೆ ಬಿಡುವುದು) ಕೆಳಗೆ ಬ್ಲಾಕ್‌ನಲ್ಲಿ. ಮೇಲಿನ ಕವರ್ ತೆಗೆದು, ಇನ್‌ಟೇಕ್ ವಾಲ್ವ್ ಒತ್ತುವ ರಾಕರ್ ಅಡ್ಜಸ್ಟ್ ಮಾಡಿ "ಟ್ಯಾಪೆಟ್ ಆಯ್ತು" ಅಂತ ಮುಚ್ಚಿಬಿಡುತ್ತಾರೆ. ಆದರೆ ಆಗಿರೋದು ಅರ್ಧ ಕೆಲಸ. ಎಕ್ಸಾಸ್ಟ್ ವಾಲ್ವ್‌ಗಳನ್ನು ತಳ್ಳುವ ಟ್ಯಾಪೆಟ್‌ಗಳು ಬ್ಲಾಕಿನ ಪಕ್ಕದ ಕವರ್ ಒಳಗಿವೆ. ಮ್ಯಾನಿಫೋಲ್ಡ್ ಕೆಳಗೆ ಕೈ ತೂರಿಸುವುದು ಕಷ್ಟ, ಹಾಗಂತ ಬಿಡೋ ಹಾಗಿಲ್ಲ. ಎಂಜಿನ್ ತಣ್ಣಗಿರುವಾಗ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಇನ್‌ಟೇಕ್‌ಗೆ 0.018 ಇಂಚು, ಎಕ್ಸಾಸ್ಟ್‌ಗೆ 0.016 ಇಂಚು ಗ್ಯಾಪ್ ಇರಬೇಕು.

ವಾಲ್ವ್ ಮುಚ್ಚಿದಾಗ ಕೂರುವ ಸೀಟು ಸವೆದ ಹಾಗೆ ಎಕ್ಸಾಸ್ಟ್ ವಾಲ್ವ್ ಒಳಗೆ ಇಳಿಯುತ್ತೆ, ಗ್ಯಾಪ್ ಕಿರಿದಾಗುತ್ತೆ. ಆಗ ಟ್ಯಾಪೆಟ್ ಸದ್ದೇ ಇರೋದಿಲ್ಲ, ಓನರ್‌ಗೆ ಖುಷಿ. ಆದರೆ ಬಿಸಿಯಾದಾಗ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚುವುದೇ ಇಲ್ಲ. ಸೀಟಿಗೆ ತಾಗಿದಾಗ ತಾನೇ ಅದರ ಬಿಸಿ ಇಳಿಯೋದು? ಹಾಗೇ ಓಡಿಸಿದರೆ ಅಂಚು ಸುಟ್ಟು ಹೋಗುತ್ತೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಮಿಸ್ ಹೊಡೆಯುವ ಗಾಡಿ ಬಂದರೆ ನಾನು ಮೊದಲು ಈ ಪಕ್ಕದ ಕವರ್ ತೆಗೆಸುತ್ತೇನೆ.

ಆಮೇಲೆ ಪ್ಲಗ್‌ಗೆ ಕಿಡಿ ಕೊಡುವ ಕರೆಂಟು. ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟ್‌ನ ಗ್ಯಾಪ್ 0.020 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬರುವ ಕ್ರಮ) 1-3-4-2, ಟೈಮಿಂಗ್ ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಸ್ಥಾನ) 5 ಡಿಗ್ರಿ ಮೊದಲು. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ಬುಷ್ ಸವೆದು ಆಡುತ್ತಿದ್ದರೆ ಎಷ್ಟು ಸಲ ಗ್ಯಾಪ್ ಇಟ್ಟರೂ ನಿಲ್ಲೋದಿಲ್ಲ. ಪಾಯಿಂಟ್ ಬೇಗ ಬೇಗ ಸುಟ್ಟು ಕರ‍್ರಗಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ.

ಇಷ್ಟಾದ ಮೇಲೆ ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಸೇರಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟರು. ಹಳೇ ರಬ್ಬರ್ ಹೋಸ್, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಇದಕ್ಕೆ ತಾಳೋದಿಲ್ಲ. ಊದಿಕೊಳ್ಳುತ್ತವೆ, ಬಿರುಕು ಬಿಡುತ್ತವೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಗಾಡಿಯ ಟ್ಯಾಂಕ್ ಖಾಲಿ ಮಾಡಿಯೇ ಸ್ಟಾರ್ಟ್ ಮಾಡಿ. ಡಯಾಫ್ರಾಮ್ ತೂತಾದರೆ ಪೆಟ್ರೋಲ್ ಸೀದಾ ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಎಂಜಿನ್ ತಿರುಗಿಸಬೇಡಿ.

ಹೋಸ್ ಹಾಕಿಸುವಾಗ ಎಥೆನಾಲ್‌ಗೆ ತಡೆಯುವಂಥದ್ದನ್ನೇ ಕೇಳಿ ತಗೊಳ್ಳಿ, ಕ್ಲಿಪ್‌ಗಳೂ ಹೊಸವೇ ಇರಲಿ. ಒಂದು ರೌಂಡ್ ಓಡಿಸಿ, ಆಫ್ ಮಾಡಿ, ಪ್ರತಿ ಜಾಯಿಂಟ್ ಒಣಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಈ ಎಫ್‌ಸಿ-150 ಗಾಡಿಯಲ್ಲಿ ಎಂಜಿನ್ ಇರೋದು ಕ್ಯಾಬಿನ್ ಒಳಗೆ, ಡ್ರೈವರ್ ಕಾಲಿನ ಪಕ್ಕದಲ್ಲೇ. ಅಲ್ಲಿ ಪೆಟ್ರೋಲ್ ಜಿನುಗಿದರೂ ಆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ಬಿಡಬಾರದು.